ಕಾವಿ ಉಟ್ಟ ಹುಣಿಸೆಮರ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಒಂದು ಕಡೆ ಒಳಕ್ಕೆ ಹೊರಳಿದರೆ ನಮ್ಮೂರು. ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿ ಇನ್ನೂ ಬಾಳಬೇಕಾದ ನಮ್ಮ ಕಾಲೊನಿಯವರಿಗೆ ತೊಂದರೆ. ನಾನು ಶಿರಾದಲ್ಲಿ ನರ್ಸ್ ಕೆಲಸದಲ್ಲಿದ್ದೇನೆ, ರಜೆ ಸಿಕ್ಕಾಗ ಊರಿಗೆ ಹೋಗುತ್ತಿದ್ದೆ. ಕಣ್ಣಾರೆ ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಕಾಣದಿದ್ದುದನ್ನು ಯಾರು ಹೇಳಿದರೆಂದು ಹೇಳುತ್ತೇನೆ.

ಕಾಲೊನಿಯ ಹಿಂದೆ, ಗುಡ್ಡದ ಬುಡದಲ್ಲಿ, ಒಂದು ಹಳೆಯ ಹುಣಿಸೆಮರ. ಅದರ ಸುತ್ತ ನಮ್ಮವರ ಗುಂಡಿಗಳು. ನಮ್ಮಲ್ಲಿ ಹೆಣ ಸುಡುವುದಿಲ್ಲ, ಹೂಳುತ್ತೇವೆ. ತಲೆಯ ಕಡೆಗೆ ಒಂದು ಕಲ್ಲು ನೆಡುತ್ತೇವೆ. ಕಲ್ಲಿನ ಮೇಲೆ ಹೆಸರಿರುವುದಿಲ್ಲ. ಯಾವ ಕಲ್ಲು ಯಾರದೆಂದು ಆಯಾ ಮನೆಯವರಿಗೆ ಗೊತ್ತು, ಅಷ್ಟು ಸಾಕಾಗಿತ್ತು.

ಮರದ ಮೂಡಲ ಬೇರಿಗೆ ತಾಗಿಕೊಂಡಿದ್ದ ಕೆಂಪು ಕಲ್ಲು ನನ್ನ ದೊಡ್ಡಮ್ಮನ ಮಗನದು. ಹೈಸ್ಕೂಲಿಗೆ ಹೋಗುತ್ತಿದ್ದಾಗ ಹಾವು ಕಚ್ಚಿ ಸತ್ತ. ಒಬ್ಬನೇ ಮಗ. ಆ ಕಲ್ಲಿನ ಪಕ್ಕದಲ್ಲಿ ಒಂದಾಳು ಮಲಗುವಷ್ಟು ಜಾಗ ಖಾಲಿ ಇತ್ತು. ದೊಡ್ಡಮ್ಮ ಅದನ್ನು ಆಗಾಗ ಗುಡಿಸಿ ಬರುತ್ತಿದ್ದಳು. ಕಾಲೊನಿಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಅಲ್ಲಿಗೆ ಹೋಗಿ ಕೂತುಬಿಡುತ್ತಿದ್ದಳು.

"ಇದು ನನ್ ಜಾಗ ಕಣ್ರೋ. ಬೇರೆಯೋರ್‍ನ ಇಲ್ಲಿ ಮಲಗ್ಸಿದ್ರೆ ಎಬ್ಬಿಸಿ ಒದೀತೀನಿ."

"ಸತ್ತೋರ್‍ನ ಹೆಂಗ್ ಎಬ್ಬಿಸ್ತೀಯವ್ವ?" ಎಂದು ನನ್ನ ಚಿಕ್ಕಪ್ಪ ರೇಗಿಸುತ್ತಿದ್ದ.

"ನಾನೂ ಸತ್ತಿರ್ತೀನಲ್ಲಾ, ಆವಾಗ ನೋಡ್ಕಂತೀನಿ ಬುಡು."

ನಮ್ಮ ಕಾಲೊನಿಯವರು ಬೌದ್ಧರಾಗಿ ಬಹಳ ವರ್ಷವೇನೂ ಆಗಿರಲಿಲ್ಲ. ತುಮಕೂರಿನ ಒಂದು ಸಭೆಗೆ ಟೆಂಪೊ ಮಾಡಿಕೊಂಡು ಹೋಗಿ ದೀಕ್ಷೆ ತೆಗೆದುಕೊಂಡು ಬಂದಿದ್ದರು. ಮುಂದೆ ನಿಂತು ಕರೆದುಕೊಂಡು ಹೋದವನು ಚಿಕ್ಕಪ್ಪನೇ. ಸಮುದಾಯ ಭವನದಲ್ಲಿ ನೀಲಿ ಕೋಟಿನ ಫೋಟೊದ ಪಕ್ಕಕ್ಕೆ ಬುದ್ಧನ ಫೋಟೊ ಬಂತು. ಸಮಾಧಿಗೆ ಎಡೆ ಇಡುವುದು ಬೇಡ, ವೈಶಾಖ ಹುಣ್ಣಿಮೆಗೆ ಮೇಣದಬತ್ತಿ ಹಚ್ಚಿದರೆ ಸಾಕು ಎಂದು ತೀರ್ಮಾನವಾಯಿತು. ದೊಡ್ಡಮ್ಮ ಬತ್ತಿಯನ್ನೂ ಹಚ್ಚಿದಳು, ಎಲೆಯ ಮೇಲೆ ಮುದ್ದೆ, ಹುರುಳಿ ಸಾರನ್ನೂ ಇಟ್ಟಳು. ಚಿಕ್ಕಪ್ಪ ಬೇಡವೆಂದ.

"ಬತ್ತಿ ನಿಮ್ ಬುದ್ಧಪ್ಪಂಗೆ. ಮುದ್ದೆ ನನ್ ಮಗಂಗೆ. ಅವನೇನು ಮೇಣ ತಿಂತಾನೇನ್ಲಾ?"

ಆಮೇಲೆ ಅವಳನ್ನು ಯಾರೂ ಕೇಳಲಿಲ್ಲ.

ಭಂತೇಜಿ ಬಂದದ್ದು ಅದರ ಮುಂದಿನ ಮಳೆಗಾಲದಲ್ಲಿ. ಬೌದ್ಧ ಭಿಕ್ಷುಗಳನ್ನು ನಾವು ಹಾಗೆ ಕರೆಯುತ್ತೇವೆ. ಅವರು ತಾವರೆಕೆರೆ ಕಡೆಯವರು, ಚಿಕ್ಕ ವಯಸ್ಸಿನವರೇ. ಥಾಯ್ಲೆಂಡಿನ ಬಡಗಣ ಪ್ರಾಂತ್ಯವೊಂದರ ಕಾಡಿನ ವಿಹಾರದಲ್ಲಿ ಕೆಲವು ವರ್ಷ ಇದ್ದು ಬಂದಿದ್ದರು. ಮಳೆಗಾಲದಲ್ಲಿ ಭಿಕ್ಷುಗಳು ತಿರುಗಾಡದೆ ಒಂದೇ ಕಡೆ ನಿಲ್ಲಬೇಕಂತೆ, ಹಾಗಾಗಿ ನಮ್ಮ ಸಮುದಾಯ ಭವನದಲ್ಲಿ ಉಳಿದರು. ಅಲ್ಲಿಂದ ತಂದಿದ್ದ ಹಿತ್ತಾಳೆಯ ಪುಟ್ಟ ಬುದ್ಧನನ್ನು ಫೋಟೊದ ಮುಂದೆ ಕೂರಿಸಿದರು. ಅವರ ಬಟ್ಟೆ ಹಲಸಿನ ಚೆಕ್ಕೆ ಕುದಿಸಿದ ನೀರಿನಲ್ಲಿ ಅದ್ದಿದ್ದು, ಕಂದು. ಬೆಳಿಗ್ಗೆ ಬಟ್ಟಲು ಹಿಡಿದು ಕಾಲೊನಿಯಲ್ಲಿ ಒಂದು ಸುತ್ತು ಬರುತ್ತಿದ್ದರು, ಏನನ್ನೂ ಕೇಳುತ್ತಿರಲಿಲ್ಲ. ಥಾಯ್ಲೆಂಡಿನಲ್ಲಿ ಜನ ಬೆಳಗಾಗುವ ಮುಂಚೆಯೇ ದಾರಿಬದಿಯಲ್ಲಿ ಮಂಡಿಯೂರಿ ಅಂಟಂಟು ಅನ್ನವನ್ನು ಉಂಡೆ ಮಾಡಿ ಹಾಕುತ್ತಾರೆ ಎಂದರು. ದೊಡ್ಡಮ್ಮ ಮುದ್ದೆ ಹಾಕಿದಳು. ಮಧ್ಯಾಹ್ನದ ಮೇಲೆ ಅವರು ಊಟ ಮಾಡುವುದಿಲ್ಲವೆಂದು ತಿಳಿದು ದಿಗಿಲುಬಿದ್ದಳು.

"ಇಂಗೆ ಉಪಾಸ ಬಿದ್ರೆ ನಿನ್ ಹೆತ್ತೋಳು ಸುಮ್ನಿರ್ತಾಳಾ ಸ್ವಾಮಿ?"

"ಬೈತಾಳೆ ಕಣಮ್ಮ," ಎಂದರು ಭಂತೇಜಿ. ಅವರು ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ.

ಒಂದು ದಿನ ಅವರು ಆಸ್ಪತ್ರೆಗೆಂದು ಮಧುಗಿರಿಗೆ ಹೋಗಿ, ಸಂಜೆಗೇ ವಾಪಸು ಬಂದು ಬಸ್ಸಿನಿಂದಿಳಿದು ಊರೊಳಗಿನ ದಾರಿಯಲ್ಲೇ ನಡೆದು ಬರುತ್ತಿದ್ದರು. ನಾನೂ ಹಿಂದೆ ಇದ್ದೆ. ಊರಿನ ಯಜಮಾನರು ಜಗುಲಿಯಿಂದ ಎದ್ದು ಬಂದು ಬಗ್ಗಿ ನಮಸ್ಕಾರ ಮಾಡಿದರು. "ಪಟ್ಟನಾಯಕನಹಳ್ಳಿ ಮಠದೋರಾ ಬುದ್ಧೀ? ಪಾದ ಬೆಳೆಸ್ಬೇಕು, ಒಂದ್ ಲೋಟ ಹಾಲು ತಗಳಿ."

"ಇಲ್ಲ, ನಾನು ಕಾಲೊನಿಯ ಭವನದಲ್ಲಿದ್ದೀನಿ."

ಯಜಮಾನರು ಒಂದು ಗಳಿಗೆ ಆ ಬಟ್ಟೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಓ, ಅಂಗಾ," ಎಂದು ಹೋಗಿ ಜಗುಲಿಯ ಮೇಲೆ ಕೂತರು. ಹಾಲಿನ ಮಾತು ಮತ್ತೆ ಬರಲಿಲ್ಲ. ಅದನ್ನು ನಾವು ಆಗಲೇ ನೆನಪಿಟ್ಟುಕೊಳ್ಳಬೇಕಿತ್ತು.

ಗುಡ್ಡದ ಆ ಕಡೆ ಜಲ್ಲಿ ಕ್ರಷರ್ ಶುರುವಾಯಿತು. ಲಾರಿಗಳು ಬಳಸಿ ಹೋಗಬೇಕಾಗಿದ್ದರಿಂದ ನಮ್ಮವರ ಗುಂಡಿಗಳ ಮೇಲೆ ನೇರ ರಸ್ತೆ ಹಾಕಲು ಹೊರಟರು. ಹುಣಿಸೆಮರದ ಬೊಡ್ಡೆಗೆ ಬಿಳಿ ಬಣ್ಣದಲ್ಲಿ ಗುರುತು ಬಿತ್ತು. ಅದು ಗೋಮಾಳ, ಸರ್ಕಾರದ್ದು, ಸ್ಮಶಾನ ಅಂತ ಎಲ್ಲೂ ಇಲ್ಲ ಎಂದರು. ಚಿಕ್ಕಪ್ಪ ನಮ್ಮವರನ್ನು ಕಟ್ಟಿಕೊಂಡು ತಾಲ್ಲೂಕು ಕಚೇರಿಯ ಮುಂದೆ ಧರಣಿ ಕೂತ. ಶಾಮಿಯಾನ, ನೀಲಿ ಬಾವುಟ, ತಮಟೆ. ಸತ್ತವರಿಗೂ ಜಾಗ ಕೊಡಿ ಎಂದು ಕೂಗಿ ಕೂಗಿ ಹೆಂಗಸರ ಗಂಟಲು ಬಿತ್ತು. ಅಧಿಕಾರಿ ಹೊರಗೆ ಬಂದು ಸಮಾಧಾನವಾಗಿಯೇ ಮಾತಾಡಿದರು. ಗುಡ್ಡದ ಮೇಲೆ ಬೇರೆ ಜಾಗ ಕೊಡಿಸುತ್ತೇವೆ, ಹೊಸಬರನ್ನು ಅಲ್ಲಿ ಹೂಳಿ ಎಂದರು.

"ಹಳಬರನ್ನ ಏನ್ ಮಾಡೋದು ಸಾ?" ದೊಡ್ಡಮ್ಮ ಎದ್ದು ನಿಂತು ಕೇಳಿದಳು. "ನನ್ ಮಗನ್ ಎದೆ ಮ್ಯಾಲೆ ಲಾರಿ ಬುಡ್ತೀರಾ?"

ಅವರು ಒಳಗೆ ಹೋದರು. ಮೊದಮೊದಲು ಪತ್ರಿಕೆಯವರು ಬಂದರು. ಆಮೇಲೆ ಶಾಮಿಯಾನದಲ್ಲಿ ನಮ್ಮವರೇ ಕಡಿಮೆಯಾದರು. ಕೂಲಿ ಬಿಟ್ಟು ಎಷ್ಟು ದಿನ ಕೂರುತ್ತಾರೆ?

ಧರಣಿ ಮುರಿದು ವಾಪಸು ಬಂದ ಸಂಜೆ ಭವನದಲ್ಲಿ ಎಲ್ಲರೂ ಕೂತಿದ್ದಾಗ ಭಂತೇಜಿ ಥಾಯ್ಲೆಂಡಿನ ಮಾತು ತೆಗೆದರು. ಅವರಿದ್ದ ಪ್ರಾಂತ್ಯದಲ್ಲೂ ಕಾಡು ಕಡಿಯಲು ಬಂದಿದ್ದರಂತೆ. ಹಳ್ಳಿಯವರು ಕಚೇರಿಗಳಿಗೆ ಅಲೆದು, ಮೆರವಣಿಗೆ ಮಾಡಿ, ಸೋತರಂತೆ. ಕೊನೆಗೆ ಭಿಕ್ಷುಗಳು ದೊಡ್ಡ ಮರಗಳಿಗೆ ಚೀವರ ಸುತ್ತಿ, ಮನುಷ್ಯನಿಗೆ ಕೊಡುವಂತೆಯೇ ಮರಕ್ಕೆ ದೀಕ್ಷೆ ಕೊಟ್ಟರಂತೆ. ಚೀವರವೆಂದರೆ ಭಿಕ್ಷು ಉಡುವ ಬಟ್ಟೆ.

"ಚೀವರ ಉಟ್ಟ ಮರ ಅಲ್ಲಿ ಭಿಕ್ಷು ಇದ್ದಂಗೆ. ಅದಕ್ಕೆ ಕೊಡಲಿ ಹಾಕೋಕೆ ಯಾರಿಗೂ ಕೈ ಬರೋದಿಲ್ಲ. ಪೊಲೀಸರೂ ಕೈ ಮುಗಿದು ಹೋದ್ರು."

"ಅಲ್ಲಿ ಎಲ್ಲಾರೂ ಬೌದ್ಧರು ಭಂತೇಜಿ," ಎಂದ ಚಿಕ್ಕಪ್ಪ. "ಇಲ್ಲಿ ನಾವು ಈಸೇ ಜನ."

ದೊಡ್ಡಮ್ಮ ಗೋಡೆಗೊರಗಿ ಕೂತಿದ್ದವಳು ಮುಂದಕ್ಕೆ ಸರಿದಳು. "ನಿನ್ ಧರಣಿಯಿಂದ ಏನಾತ್ಲಾ? ಸ್ವಾಮಿ, ನನ್ ಮರಕ್ಕೂ ಒಂದು ಬಟ್ಟೆ ಸುತ್ತು."

ಭಂತೇಜಿ ಎದ್ದು ಹೋಗಿ ಕತ್ತಲಲ್ಲೇ ಮರ ನೋಡಿ ಬಂದರು. ಕಡೆಗೆ ಒಪ್ಪಿದರು.

ಅವರ ಹಳೆಯ ಚೀವರ ಹುಣಿಸೆಯ ಬೊಡ್ಡೆಗೆ ಅರ್ಧವೂ ಬರಲಿಲ್ಲ. ಚಿಕ್ಕಪ್ಪನೂ ನಾನೂ ಮಧುಗಿರಿಗೆ ಹೋಗಿ ಬಟ್ಟೆ ಅಂಗಡಿಗಳನ್ನು ಸುತ್ತಿದೆವು. ಕಂದು ಬಣ್ಣದ್ದು ಅಷ್ಟು ಉದ್ದ ಸಿಗಲಿಲ್ಲ. ಒಂದು ಅಂಗಡಿಯಲ್ಲಿ ಮೆರವಣಿಗೆಗೆಂದು ಇಟ್ಟಿದ್ದ ಕೇಸರಿ ಬಟ್ಟೆಯ ಥಾನು ಇತ್ತು, ಕಣ್ಣಿಗೆ ಹೊಡೆಯುವಂಥದ್ದು. "ದೇವಸ್ಥಾನಕ್ಕಾ ಸಾರ್?" ಎಂದು ಅಂಗಡಿಯವನು ಕೇಳಿದ. ಚಿಕ್ಕಪ್ಪ "ಮರಕ್ಕೆ" ಎಂದ. ಅಂಗಡಿಯವನಿಗೆ ಎರಡರಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ತಲೆಯಾಡಿಸಿ ಕತ್ತರಿಸಿಕೊಟ್ಟ.

ಹಿತ್ತಾಳೆ ಬುದ್ಧನನ್ನು ಮರದ ಬುಡದಲ್ಲಿಟ್ಟು, ಅದರ ಕೈಗೆ ಬಿಳಿ ನೂಲು ಸುತ್ತಿ, ಆ ನೂಲನ್ನು ಮರಕ್ಕೆ ಬಳಸಿ, ಅಲ್ಲಿಂದ ನಮ್ಮೆಲ್ಲರ ಕೈಗೆ ಕೊಟ್ಟರು. ಭಂತೇಜಿ ಪಾಲಿಯಲ್ಲಿ ಹೇಳಿದ್ದನ್ನು ನಾವೂ ಹೇಳಿದೆವು. ಕೇಸರಿ ಬಟ್ಟೆಯನ್ನು ನಾಲ್ಕಾರು ಮಂದಿ ಹಿಡಿದು ಸುತ್ತಿದರು. ಕೊನೆಯ ಗಂಟು ಹಾಕಿದ್ದು ದೊಡ್ಡಮ್ಮ.  

ಜೆಸಿಬಿ ಬಂದ ದಿನ ನಾನು ಊರಿನಲ್ಲೇ ಇದ್ದೆ. ನಮ್ಮವರೆಲ್ಲ ಮರದ ಸುತ್ತ ನಿಂತಿದ್ದರು. ಡ್ರೈವರು ಪಾವಗಡದ ಆಚೆಯ ಗಡಿಯವನು, ತೆಳ್ಳಗಿನ ನಡುವಯಸ್ಸಿನ ಮನುಷ್ಯ. ಅವನು ನಮ್ಮನ್ನು ನೋಡಲೇ ಇಲ್ಲ. ಮರವನ್ನು ನೋಡಿದ. ಇಂಜಿನ್ ನಿಲ್ಲಿಸಿ ಕೆಳಗಿಳಿದು, ಚಪ್ಪಲಿ ಬಿಟ್ಟು, ಎರಡೂ ಕೆನ್ನೆ ಮುಟ್ಟಿಕೊಂಡು ಕೈ ಮುಗಿದ. "ನಾ ವಲ್ಲ ಕಾದು ಸಾಮೀ, ಇದಿ ಅಮ್ಮೋರಿ ಚೆಟ್ಟು" ಎಂದ ಮೇಸ್ತ್ರಿಗೆ. ನನ್ನಿಂದಾಗದು, ಇದು ಅಮ್ಮನವರ ಮರ. ಮೇಸ್ತ್ರಿ ಎಷ್ಟು ಬೈದರೂ ಹತ್ತಲಿಲ್ಲ.

ನಮ್ಮವರು ಕೇಕೆ ಹಾಕಿದರು. ತಮಟೆ ಬಾರಿಸಿದರು. ದೊಡ್ಡಮ್ಮ ಆ ಡ್ರೈವರಿಗೆ ಮಜ್ಜಿಗೆ ತರಿಸಿದಳು. ಭಂತೇಜಿ ಮಾತ್ರ ದೂರ ನಿಂತಿದ್ದರು. ನಾನು ಹತ್ತಿರ ಹೋದಾಗ, "ಅವನು ಕೈ ಮುಗಿದದ್ದು ಯಾರಿಗೆ?" ಎಂದರು.

ರಸ್ತೆ ಮರವನ್ನೂ ಗುಂಡಿಗಳನ್ನೂ ಬಿಟ್ಟು ಬಳಸಿ ಹೋಯಿತು. ಅಷ್ಟು ಗೆದ್ದೆವು.

ಮುಂದಿನ ಸಲ ರಜೆಗೆ ಹೋದಾಗ ಬೊಡ್ಡೆಗೆ ಅರಿಸಿನ ಕುಂಕುಮ ಬಿದ್ದಿತ್ತು. ಅದರ ಮುಂದಿನ ಸಲ ನಿಂಬೆಹಣ್ಣು, ಹಸಿರು ಬಳೆ. ಊರೊಳಗಿನ ಹೆಂಗಸೊಬ್ಬರಿಗೆ ಕನಸಿನಲ್ಲಿ ಅಮ್ಮ ಬಂದು ಬಿಸಿಲಲ್ಲಿ ನಿಂತಿದ್ದೀನಿ ಅಂದಳಂತೆ. ಯಜಮಾನರು ಮುಂದೆ ನಿಂತು ಬುಡದಲ್ಲಿ ಬೆಳ್ಳಿ ಕಣ್ಣಿನ ಕಲ್ಲೊಂದನ್ನು ಕೂರಿಸಿದರು. ಟೈಲ್ಸು, ಕಬ್ಬಿಣದ ಕಟಕಟೆ ಎಲ್ಲಾ ಕ್ರಷರಿನವನ ಸೇವೆ. ಮೊದಲು ಕಾಲೊನಿಯವರಿಗೂ ಹೆಮ್ಮೆಯೇ ಆಗಿತ್ತು. "ಗೊರವನಹಳ್ಳಿ ಗುಡಿಗೆ ಬಂದಂಗೆ ಇಲ್ಲಿಗೂ ಬಸ್ಸು ಬತ್ತವೆ ನೋಡ್ತಿರಿ" ಎಂದವರು ನಮ್ಮಲ್ಲೇ ಇದ್ದರು. ಮಂಗಳವಾರ ಹೂ ಇಟ್ಟು ಬಂದವರೂ ಇದ್ದರು.

ಕಟ್ಟೆ ಕಟ್ಟಲು ನೆಲ ಸಮ ಮಾಡಿದಾಗ ತಲೆಗಲ್ಲುಗಳನ್ನು ಕಿತ್ತು ಬೇಲಿಯ ಪಕ್ಕ ಗುಡ್ಡೆ ಹಾಕಿದರು. ಅದನ್ನು ನಾನು ನೋಡಲಿಲ್ಲ, ಚಿಕ್ಕಪ್ಪ ಫೋನಿನಲ್ಲಿ ಹೇಳಿದ. ಅವನು ಹೋಗಿ ಕೇಳಿದ್ದಕ್ಕೆ ಯಜಮಾನರು ಅಂದರಂತೆ: "ಹೆಣ ಹೂಳೋ ತಾವ ಅಮ್ಮ ಇರ್ತಾಳೇನ್ಲಾ? ಮೈಲಿಗೆ ಆಗಲ್ವಾ? ನಿಮ್ಗೆ ಮ್ಯಾಲೆ ಜಾಗ ಕೊಡ್ತೀವಿ ಅಂದವ್ರಲ್ಲ, ಅಲ್ಲಿಗೆ ಹೋಗ್ರಿ."

ಮತ್ತೆ ಅದೇ ಕಚೇರಿಯ ಮುಂದೆ ನಿಂತೆವು. ಈ ಸಲ ನಾನೂ ಇದ್ದೆ. ಶಾಮಿಯಾನ ಇರಲಿಲ್ಲ. ಅಧಿಕಾರಿ ಬೇರೆಯವರು. "ಬಟ್ಟೆ ಸುತ್ತಿದವರು ನೀವೇ ತಾನೇ?" ಎಂದರು. ಹೌದು ಎಂದೆವು. "ಪೂಜೆ ಶುರು ಮಾಡಿದೋರು ನೀವು, ಈಗ ಪೂಜೆ ಬೇಡ ಅಂತೀರಾ?" ಅದು ಪೂಜೆ ಅಲ್ಲ ಎಂದು ಚಿಕ್ಕಪ್ಪ ವಿವರಿಸಲು ಹೊರಟ. ಥಾಯ್ಲೆಂಡ್ ಎಂಬ ಮಾತು ಬಂದ ಕೂಡಲೇ ಅಲ್ಲಿದ್ದ ಒಬ್ಬರು ನಕ್ಕರು. ಗಂಡಸರು ಆ ದೇಶಕ್ಕೆ ಏನಕ್ಕೆ ಹೋಗುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಚಿಕ್ಕಪ್ಪ ಅಲ್ಲಿಗೇ ನಿಲ್ಲಿಸಿದ.

ಮಳೆಗಾಲ ಮುಗಿಸಿ ಹೊರಟುಹೋಗಿದ್ದ ಭಂತೇಜಿ ಸುದ್ದಿ ತಿಳಿದು ಶಿರಾ ಕಡೆಯಿಂದ ಬಂದರು. ಭಿಕ್ಷುವಾದವನು ಚೀವರ ಬಿಟ್ಟು ಮನೆಗೆ ಹೋಗಬಹುದು, ಮರಕ್ಕೂ ಆ ದಾರಿ ಇದೆ, ನಾನು ಉಡಿಸಿದ್ದನ್ನು ನಾನೇ ಬಿಚ್ಚುತ್ತೇನೆ ಎಂದರು. ಒಬ್ಬರೇ ನಡೆದು ಹೋಗಿ ಕಟಕಟೆ ದಾಟಿ ದೊಡ್ಡಮ್ಮ ಹಾಕಿದ್ದ ಗಂಟಿಗೆ ಕೈ ಹಾಕಿದರು. ಗಂಟು ಮಳೆಗೆ ಬಿಗಿದುಕೊಂಡಿತ್ತು. ಅಷ್ಟರಲ್ಲಿ ಜನ ಸೇರಿದರು. ಕೈ ಮಾಡಿದವರು ಯಾರೆಂದು ನನಗೆ ಕಾಣಲಿಲ್ಲ. ಅವರ ಕಂದು ಚೀವರ ಭುಜದ ಬಳಿ ಹರಿದದ್ದನ್ನು ಕಂಡೆ. ಪೊಲೀಸರು ಬಂದು ಅವರನ್ನು ಜೀಪಿನಲ್ಲಿ ಕೂರಿಸಿಕೊಂಡರು. ದೇವರ ಬಟ್ಟೆಗೆ ಕೈ ಹಾಕಿ ಭಕ್ತರ ಮನಸ್ಸು ನೋಯಿಸಿದ್ದಾರೆ ಎಂದು ದೂರು. ಇನ್ನು ಈ ಕಡೆ ಕಾಲಿಡುವುದಿಲ್ಲ ಎಂದು ಬರೆಸಿಕೊಂಡು ಬಿಟ್ಟರಂತೆ. ಅವರು ಮತ್ತೆ ಬರಲಿಲ್ಲ.

ವೈಶಾಖ ಹುಣ್ಣಿಮೆಗೆ ದೊಡ್ಡಮ್ಮ ಎಲೆಯಲ್ಲಿ ಮುದ್ದೆ ಸಾರು ಹಿಡಿದು ಹೊರಟಳು. ಬೇಡವೆಂದರೂ ಕೇಳಲಿಲ್ಲ, ನಾನು ಜೊತೆಗೆ ಹೋದೆ. ಕಟಕಟೆಯ ಬಾಗಿಲಲ್ಲಿ ಪೂಜಾರಿ ತಡೆದ.

"ಅಲ್ಲಿಂದ್ಲೇ ಕೈ ಮುಗ್ಕಳಮ್ಮ."

"ಕೈ ಮುಗಿಯಾಕೆ ಬಂದಿಲ್ಲ ಕಣಪ್ಪ. ಮಗಂಗೆ ಉಂಬಾಕ್ ಇಕ್ಕೋಕೆ ಬಂದಿವ್ನಿ."

"ಯಾವ್ ಮಗ? ಇಲ್ಲಿ ಯಾರೂ ಇಲ್ಲ ಹೋಗಮ್ಮ."

ಅವಳು ಕಟಕಟೆಯ ಹೊರಗೆ ನಿಂತು ಮೂಡಲ ಬೇರನ್ನು ಹುಡುಕಿದಳು. ಟೈಲ್ಸಿನ ಕೆಳಗೆ ಅದು ಎಲ್ಲಿದೆಯೆಂದು ತಿಳಿಯಲಿಲ್ಲ. ಕಿತ್ತು ಹಾಕಿದ್ದ ಕಲ್ಲುಗಳ ಗುಡ್ಡೆಗೆ ಹೋಗಿ ಕೆಂಪು ಕಲ್ಲಿಗಾಗಿ ತಡಕಿದಳು. ಕೆಂಪಾದವು ಹಲವು ಇದ್ದವು. ಯಾವುದೆಂದು ನಿರ್ಧರಿಸಲಾಗದೆ ಎಲೆಯನ್ನು ವಾಪಸು ಮನೆಗೆ ತಂದು, ತಾನೂ ಉಣ್ಣದೆ, ಮುಚ್ಚಿಟ್ಟಳು.

"ನಾನೇ ಗಂಟಾಕಿದ್ದು ಮಗಾ," ಎಂದಳು. ಅದರ ಮೇಲೆ ಅವಳು ಆ ಮರದ ಮಾತು ಆಡಿದ್ದನ್ನು ನಾನು ಕೇಳಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ದೊಡ್ಡಮ್ಮ ತೀರಿಕೊಂಡಳು. ನಾನು ಬರುವ ಹೊತ್ತಿಗೆ ಚಟ್ಟ ಕಟ್ಟಿದ್ದರು. ಮರದ ಹತ್ತಿರ ಹೂಳುವ ಮಾತನ್ನು ಯಾರೂ ಎತ್ತಲಿಲ್ಲ, ಚಿಕ್ಕಪ್ಪನೂ ಎತ್ತಲಿಲ್ಲ. ಗುಡ್ಡದ ಮೇಲೆ ಕೊಟ್ಟ ಜಾಗಕ್ಕೆ ಹೊತ್ತುಕೊಂಡು ಹೋದೆವು. ಅಲ್ಲಿ ಕ್ರಷರಿನ ಪುಡಿ ಗಿಡಗಳ ಮೇಲೆ ಬೆಳ್ಳಗೆ ಕೂತಿರುತ್ತದೆ. ಗುದ್ದಲಿ ಎರಡು ಗೇಣು ಇಳಿಯುವಷ್ಟರಲ್ಲಿ ಬಂಡೆ ಸಿಕ್ಕಿತು. ಬೇರೆ ಕಡೆ ತೋಡಿದರೂ ಬಂಡೆಯೇ. ಕೊನೆಗೆ ಕ್ರಷರಿಗೆ ಹೋಗಿ ಕೇಳಿಕೊಂಡಾಗ ಜೆಸಿಬಿ ಕಳಿಸಿದರು.

ಅದೇ ಡ್ರೈವರು. ಚಟ್ಟವನ್ನು ಒಮ್ಮೆ ನೋಡಿದ. ಮಜ್ಜಿಗೆ ಕೊಟ್ಟವಳು ಎಂದು ಗುರುತು ಹತ್ತಿದಂತೆ ಕಾಣಲಿಲ್ಲ, ನಾವೂ ಹೇಳಲಿಲ್ಲ. ಈ ಸಲ ಅವನು ಇಂಜಿನ್ ನಿಲ್ಲಿಸಲಿಲ್ಲ. ಬಂಡೆಯ ಪಕ್ಕದ ಗರಸು ಮಣ್ಣನ್ನು ಕೆದರಿ ಕೆದರಿ ಗುಂಡಿ ಮಾಡಿಕೊಟ್ಟ. ಕೆಲಸ ಶುದ್ಧವಾಗಿತ್ತು, ಅಂಚು ಕೂಡ ನೇರ.

ಮಣ್ಣು ಹಾಕಿ ಮುಗಿಸಿದ ಮೇಲೆ ಅವನು ನನ್ನ ಹತ್ತಿರ ಬಂದ. ನನ್ನ ಕೈಯಲ್ಲಿ ನೀರಿನ ಬಿಂದಿಗೆ ಇತ್ತು.

"ಸ್ವಲ್ಪ ನೀರು ಬುಡಮ್ಮಾ, ಕೈ ಕಾಲು ತೊಳ್ಕೋಬೇಕು," ಎಂದ. "ಹೆಣದ ಗುಂಡಿ ತೋಡಿವ್ನಿ. ವಾಪಸು ಹೋಗೋವಾಗ ಅಮ್ಮೋರ ಮರದ ಮುಂದೇನೇ ಹೋಗ್ಬೇಕಲ್ಲ."

ನಾನು ಬಿಂದಿಗೆ ಬಗ್ಗಿಸಿದೆ. ಅವನು ಮೊಣಕೈವರೆಗೂ ತೊಳೆದುಕೊಂಡ.