ಅಮ್ಮನ ಕಾಫಿ ಮಿಷನ್ನು

ಕಾಲೇಜಿನಲ್ಲಿದ್ದಾಗಲೇ ನನ್ನ ಎರಡೂ ಕಣ್ಣು ಹೋದವು. ಆಮೇಲೆ ಆಲ್ದೂರಿನ ನಮ್ಮ ಮನೆಯಲ್ಲಿ ಅಮ್ಮ ನನಗೆ ಮೊದಲು ವಹಿಸಿದ ಕೆಲಸ, ಹುರಿದ ಕಾಫಿ ಬೀಜ ಪುಡಿ ಮಾಡುವುದು. ಮೇಜಿನ ಅಂಚಿಗೆ ತಿರುಪು ಬಿಗಿದು ಕೂರಿಸಿದ್ದ ಹಳೆಯ ಕಬ್ಬಿಣದ ಕೈಮಿಷನ್ನು ಅದು. ಬೀಜ ಸುರಿಯುವ ಬಟ್ಟಲಿನ ಅಂಚು ಒಂದು ಕಡೆ ಚೂರು ಮುರಿದಿತ್ತು. ಅಮ್ಮ ಎಡಗೈ ಹೆಬ್ಬೆರಳನ್ನು ಸದಾ ಅಲ್ಲೇ ಊರುತ್ತಿದ್ದುದರಿಂದ ಮುರಿದ ಜಾಗ ಸವೆದು ನುಣ್ಣಗಾಗಿತ್ತು. ಅವಳು ತೀರಿಕೊಂಡ ಮೇಲೆ ಅವಳ ಮುಖ ನನ್ನ ನೆನಪಿನಲ್ಲಿ ಮಸುಕಾಗುತ್ತಾ ಬಂತು. ಆದರೆ ಅಲ್ಲಿ ಬೆರಳಿಟ್ಟರೆ ಸಾಕು, ಅವಳ ಕೈ ಹಾಗೇ ನೆನಪಾಗುತ್ತಿತ್ತು.

ಕಳೆದ ವರ್ಷ ವಸ್ತಾರೆಯ ಚಿಕ್ಕಮ್ಮನ ಮನೆಯಲ್ಲಿ ಒಂದು ವಾರ ಇದ್ದು ಬಂದೆ. ಮರುದಿನ ಬೆಳಿಗ್ಗೆ ಮಿಷನ್ನಿಗೆ ಕೈ ಹಾಕಿದರೆ ಅಂಚು ಪೂರ್ತಿ ದುಂಡಗಿದೆ!

"ಅಣ್ಣಾ, ನಮ್ಮ ಮಿಷನ್ನೆಲ್ಲಿ?"

"ನಿನ್ ಕೈಯಲ್ಲೇ ಇದ್ಯಲ್ಲ ಮಾರಾಯ್ತಿ. ಸರ್ವಿಸ್ ಮಾಡ್ಸಿದೀನಿ, ಅದ್ಕೇ ಬೇರೆ ಥರ ಅನ್ಸ್ತದೆ."

"ಸರ್ವಿಸ್ ಮಾಡ್ಸಿದ್ರೆ ಮುರಿದಿದ್ ಕಬ್ಬಿಣ ಬೆಳೀತದಾ?"

ಅತ್ತಿಗೆಯೇ ಬಾಯಿಬಿಟ್ಟಳು. "ಹೋಂಸ್ಟೇ ಮಾಡಿರೋ ನಿಮ್ಮಣ್ಣನ ಫ್ರೆಂಡು ಹಳೇ ಸಾಮಾನು ಕೇಳಿದ್ರಂತೆ, ಇವ್ರು ಕೊಟ್ಬಿಟ್ರು. ಅಂಥದ್ದೇ ಇನ್ನೊಂದ್ ತಂದಿಟ್ರೆ ನಿಂಗೆ ಗೊತ್ತಾಗಲ್ಲ ಅಂದ್ಕೊಂಡ್ರು."

ಗೊತ್ತಾಗಲ್ಲ! ಕೊಟ್ಟದ್ದನ್ನಾದರೂ ಕ್ಷಮಿಸುತ್ತಿದ್ದೆನೇನೋ. ಕಣ್ಣಿಲ್ಲದವಳ ಕೈಗೆ ಏನನ್ನು ಇಟ್ಟರೂ ನಡೆಯುತ್ತದೆ ಎಂದುಕೊಂಡನಲ್ಲ, ಅದನ್ನು ಹೇಗೆ ಕ್ಷಮಿಸಲಿ?

"ಕಾರು ತೆಗಿ" ಎಂದೆ.

ಹೋಂಸ್ಟೇಯ ಜಗಲಿಯಲ್ಲಿ ಹಳೆಯ ಮಿಷನ್ನುಗಳನ್ನು ಹಲಗೆಗೆ ಬಿಗಿದು ಸಾಲಾಗಿ ಜೋಡಿಸಿದ್ದರು. ನಾನು ತಡವತೊಡಗಿದಾಗ ಅಲ್ಲಿನ ಮ್ಯಾನೇಜರ್ ಓಡಿಬಂದ. "ಮೇಡಂ, ಶೋಗೆ ಇಟ್ಟಿರೋದು, ಮುಟ್ಬೇಡಿ."

"ಮುಟ್ಟದೆ ನಾನು ನೋಡೋದು ಹೆಂಗ್ರೀ?"

ನನ್ನ ದನಿಗೆ ಅವನು ಹಿಂದೆ ಸರಿದ. ಒಂದೊಂದನ್ನೇ ಮುಟ್ಟುತ್ತಾ ಹೋದೆ. ಒಂದರ ಬಟ್ಟಲು ಅಗಲ, ಇನ್ನೊಂದರ ಕಾಲು ಗಿಡ್ಡ. ಗೋಡೆಯ ಪಕ್ಕದಲ್ಲಿದ್ದುದಕ್ಕೆ ಬಣ್ಣ ದಪ್ಪಗೆ ಬಳಿದಿದ್ದರು. ಆದರೂ ಹೆಬ್ಬೆರಳು ತಾನಾಗಿ ಹೋಗಿ ಅಮ್ಮನ ಜಾಗದಲ್ಲಿ ಕೂತಿತು. "ಇದೇ. ಬಿಚ್ಚು" ಎಂದೆ. ಅಣ್ಣ ಗೆಳೆಯನಿಗೆ ಫೋನಿನಲ್ಲಿ ತಿಳಿಸಿ ತಿರುಪು ಬಿಚ್ಚಿದ. ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ.

ಬಣ್ಣ ಒಳಗಿನ ಹಲ್ಲುಗಳಿಗೂ ಇಳಿದಿದೆ, ಪುಡಿ ಮಾಡುವಂತಿಲ್ಲ. "ಕೊಡು, ಕೆರೆದು ಸರಿಮಾಡ್ತೀನಿ" ಎಂದು ಅಣ್ಣ ಆಗಾಗ ಕೇಳುತ್ತಾನೆ. ಅವನ ಕೈಗೆ ಅದನ್ನು ಕೊಡಲು ನನಗಿನ್ನೂ ಮನಸ್ಸು ಬಂದಿಲ್ಲ.