ಎಲ್ಲಿಗೆ ಹಚ್ಚುದು?

ಅವರ ಎಡಗಿವಿಯ ಮಡಿಕೆಯಲ್ಲಿ ಸದಾ ಕಡಲೆಕಾಳಿನಷ್ಟು ದೊಡ್ಡ ಹತ್ತಿಯುಂಡೆ ಇರುತ್ತಿತ್ತು. ಅತ್ತರಿನಲ್ಲಿ ಅದ್ದಿ ಅಲ್ಲಿ ಸಿಕ್ಕಿಸಿಕೊಂಡರೆ ದಿನವಿಡೀ ಪರಿಮಳ ಜೊತೆಗಿರುತ್ತದೆ ಎನ್ನುವುದು ಅತ್ತರು ಮಾರುವವರ ಹಳೆಯ ಪದ್ಧತಿ. ಗಿರಾಕಿಯೊಡನೆ ಮಾತಾಡುವಾಗ ಅವರು ಅದನ್ನು ಎರಡು ಬೆರಳಿನಿಂದ ಒತ್ತಿ ನೋಡಿಕೊಳ್ಳುತ್ತಿದ್ದರು, ಬಸ್ಸಿನಲ್ಲಿ ಜನ ಜೇಬು ಮುಟ್ಟಿ ನೋಡಿಕೊಳ್ಳುವ ಹಾಗೆ.

ಒಮಾನಿನ ಮತ್ರಾದ ಸೂಕಿನಲ್ಲಿ, ಆ ಹಳೆಯ ಪೇಟೆಬೀದಿಯಲ್ಲಿ, ತಲೆಮಾರುಗಳಿಂದ ಇಲ್ಲೇ ನೆಲೆಸಿದ ಗುಜರಾತಿ ಮನೆತನದ ಒಂದು ಅತ್ತರಿನ ಅಂಗಡಿಯಲ್ಲಿ ಅವರು ಕೆಲಸಕ್ಕಿದ್ದರು. ಊರು ಉಡುಪಿಯ ಕಡೆ. ಇಪ್ಪತ್ತರ ಹರೆಯದಲ್ಲಿ ಬಂದು ಆ ಗಲ್ಲಿಯಲ್ಲೇ ತಲೆ ಬೋಳಾದವರು. ಗಿರಾಕಿಗಳೊಡನೆ ಅರಬ್ಬಿ, ಸೇಠರೊಡನೆ ಹಿಂದಿ, ಫೋನಿನಲ್ಲಿ ತುಳು. ಮೈಸೂರಿನವನಾದ ನನ್ನೊಡನೆ ಮಾತ್ರ ಕನ್ನಡ. ಕರಾವಳಿಯ ಹುಡುಗರೆಲ್ಲ ‘ಅತ್ತರ್ ಮಾಮ’ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಯಾರು ಏನು ಕೇಳಿದರೂ ಅವರ ಮೊದಲ ಪ್ರಶ್ನೆ ಒಂದೇ: "ಎಲ್ಲಿಗೆ ಹಚ್ಚುದು?" ಮಣಿಕಟ್ಟಿಗೋ, ಗಡ್ಡಕ್ಕೋ, ಬಟ್ಟೆಗೋ? ಅದಕ್ಕೆ ಉತ್ತರ ಬರುವ ತನಕ ಕಪಾಟಿನ ಬಾಗಿಲು ತೆರೆಯುತ್ತಿರಲಿಲ್ಲ.

ನಾನು ಅವರಲ್ಲಿಗೆ ಹೋದದ್ದು ಕಳ್ಳ ಕೆಲಸಕ್ಕೆ. ಹದಿನೆಂಟು ವರ್ಷ ಸಿಗರೇಟು ಸೇದಿದವನು ನಾನು. ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ನಮ್ಮ ಫ್ಲಾಟಿನಲ್ಲಿ, ಆರು ವರ್ಷದ ಮಗಳು ನಾನು ಹತ್ತಿರ ಕೂತರೆ ಮೂಗು ಹಿಡಿದುಕೊಂಡು "ಅಪ್ಪಾ, ಯು ಸ್ಮೆಲ್" ಎಂದು ಸೋಫಾದ ಆ ತುದಿಗೆ ಸರಿಯುತ್ತಿದ್ದಳು. ಅದು ಮನಸ್ಸಿಗೆ ನಾಟಿತು. ಬಿಡುವ ದಾರಿ ಎಂದು ಸಹೋದ್ಯೋಗಿಯೊಬ್ಬ ದುಬೈನಿಂದ ಒಂದು ವೇಪ್, ಎಂದರೆ ದ್ರವವನ್ನು ಆವಿಮಾಡಿ ಸೇದುವ ಎಲೆಕ್ಟ್ರಾನಿಕ್ ಸಿಗರೇಟು, ತಂದುಕೊಟ್ಟ. ಇಲ್ಲಿ ಅದನ್ನು ಮಾರುವಂತಿಲ್ಲ. ಅದಕ್ಕೆ ಹಾಕುವ ದ್ರವ ಮುಗಿದಾಗ ನನ್ನೊಳಗಿನ ಎಂಜಿನಿಯರ್ ಎದ್ದು ಕುಳಿತ. ಒಂದಿಷ್ಟು ಗ್ಲಿಸರಿನ್, ಅದೇ ಸಹೋದ್ಯೋಗಿ ತಂದ ನಿಕೋಟಿನ್ ದ್ರಾವಣ, ಮೇಲೊಂದು ಪರಿಮಳ. ಮನೆಯಲ್ಲೇ ಕಲಸಿದರಾಯಿತು, ಇದರಲ್ಲೇನು ಮಹಾ ವಿದ್ಯೆ ಎಂದುಕೊಂಡೆ. ಪರಿಮಳಕ್ಕೆ ಮಲ್ಲಿಗೆ ಅತ್ತರು ಹಾಕಿದರೆ ಮೈಸೂರೇ ಮೂಗಿಗೆ ಬಂದೀತೆಂಬ ಆಸೆ ಬೇರೆ.

"ಎಲ್ಲಿಗೆ ಹಚ್ಚುದು?" ಎಂದರು.

"ಶರ್ಟಿಗೆ" ಎಂದೆ. ಅಲ್ಲಿಗೆ ಸುಮ್ಮನಿರಬೇಕಿತ್ತು. "ಇದು ಗ್ಲಿಸರಿನ್‌ನಲ್ಲಿ ಬೆರೆಯುತ್ತಾ?" ಎಂದೂ ಕೇಳಿಬಿಟ್ಟೆ.

ಅವರು ಕಪಾಟಿನ ಬಾಗಿಲು ಮುಚ್ಚಿದರು. "ಶರ್ಟಿಗೆ ಗ್ಲಿಸರಿನ್ ಹಚ್ಚುವವ ನೀನೊಬ್ಬನೇ ಮಾರಾಯ. ಸತ್ಯ ಹೇಳು."

ಹೇಳಿದೆ. ಅವರು ಬಯ್ಯಲಿಲ್ಲ. ಮಲ್ಲಿಗೆಯ ಒಂದು ಹನಿಯನ್ನು ನನ್ನ ಅಂಗೈಗೆ ಬಿಟ್ಟು ಹೆಬ್ಬೆರಳಿನಿಂದ ತಿಕ್ಕಿದರು. ಜಿಡ್ಡು ಹೊಳೆಯಿತು. "ಇದು ಎಣ್ಣೆ. ಚರ್ಮಕ್ಕೆ ಮಾಡಿದ್ದು. ಎದೆ ಒಳಗೆ ಎಳ್ಕೊಂಡ್ರೆ ಅಲ್ಲೇ ಕೂತುಬಿಡ್ತದೆ. ಆಮೇಲೆ ಒರೆಸ್ಲಿಕ್ಕೆ ಅಲ್ಲಿಗೆ ಯಾರು ಹೋಗುದು, ನೀನಾ?"

ಆ ಶುಕ್ರವಾರ ಬೆಳಿಗ್ಗೆ ಅವರೇ ಬಸ್ಸು ಹಿಡಿದು ನಮ್ಮ ಮನೆಗೆ ಬಂದರು. ಹೇಗೂ ಕಲಸಿಯೇ ತೀರುವವನು, ಕಣ್ಣೆದುರಿಗಾದರೂ ಕಲಸಲಿ ಎಂದಿರಬೇಕು. ಹೆಂಡತಿ ಕೊಟ್ಟ ಕಾಫಿ ಹಿಡಿದು ಅಡುಗೆಮನೆಗೆ ಬಂದವರು ಅಲ್ಲೇ ನಿಂತುಬಿಟ್ಟರು. ಒಲೆಯ ಪಕ್ಕದ ಕಟ್ಟೆಯ ಮೇಲೆ ಮಗಳ ಕೆಮ್ಮಿನ ಔಷಧದ ಬಾಟಲಿ. ಅದರ ಪಕ್ಕದಲ್ಲಿ ಅಷ್ಟೇ ಗಾತ್ರದ, ಚೀಟಿಯಿಲ್ಲದ ಇನ್ನೊಂದು ಬಾಟಲಿ.

"ಇದರಲ್ಲಿ ಎಂಥ ಉಂಟು?"

"ನಿಕೋಟಿನ್."

ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಲೋಟ ಕೆಳಗಿಟ್ಟರು, ಕಾಫಿ ತುಳುಕಿತು. "ನಿನಗೆ ಮಂಡೆ ಸಮ ಉಂಟಾ? ಮಗು ಇರುವ ಮನೆ ಇದು! ಒಂದು ಚಮಚ ಅದರ ಬಾಯಿಗೆ ಹೋದ್ರೆ ಆಮೇಲೆ ಯಾರ ಹತ್ರ ಅಳ್ತಿ?"

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಹಿಂದಿನ ರಾತ್ರಿ ಮಗಳಿಗೆ ಕೆಮ್ಮಿನ ಔಷಧ ಹಾಕಿದ್ದು ನಾನೇ. ಸರಿಯಾದ ಬಾಟಲಿಯನ್ನೇ ಎತ್ತಿಕೊಂಡಿದ್ದೆ ಎನ್ನುವುದು ನನ್ನ ಪುಣ್ಯ, ಬುದ್ಧಿಯಲ್ಲ.

ಅವತ್ತೇ ಎಲ್ಲ ಸರಂಜಾಮು ಬೀಗವಿರುವ ತಗಡಿನ ಪೆಟ್ಟಿಗೆಗೆ ಹೋಯಿತು, ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ಅದಕ್ಕೆ ಮುಂಚೆ ಬಾಲ್ಕನಿಯಲ್ಲಿ ಪಾಠ. ಕೈಗವಸು ಮೊದಲು. ಖಾಲಿ ಬಾಟಲಿಗೆ ಚೀಟಿ ಅಂಟಿಸಿ ಹೆಸರು, ತಾರೀಕು, ನಿಕೋಟಿನ್ ಎಷ್ಟು ಎಂದು ಬರೆದ ಮೇಲೆಯೇ ಒಳಗೆ ಹನಿ ಬೀಳಬೇಕು. "ಮೊದಲು ಹೆಸರು, ಆಮೇಲೆ ರಸ. ತುಂಬಿಸಿದ ಮೇಲೆ ಬರೀತೇನೆ ಅನ್ನುವವ ಬರೆಯುದೇ ಇಲ್ಲ." ಅಳತೆಗೆ ಅಕ್ಕಸಾಲಿಗರ ಬಳಿ ಇರುವಂಥ ಪುಟ್ಟ ತಕ್ಕಡಿ ತಂದಿದ್ದರು. ನಾನು ಬಾಟಲಿಯನ್ನು ಮೂಸಿ ನೋಡಲು ಹೋದರೆ ಕೈ ಹಿಡಿದು ತಡೆದರು. "ಮೂಗನ್ನು ನಂಬಬೇಡ. ತಕ್ಕಡಿಯನ್ನು ನಂಬು." ಅತ್ತರು ಮಾರುವವರ ಬಾಯಲ್ಲಿ ಇಂಥ ಮಾತು! ದೊಡ್ಡ ಅನುಭವಿಗಳ ವಿನಯ ಇದು ಎಂದುಕೊಂಡು ನಾನು ಮೆಚ್ಚಿ ತಲೆದೂಗಿದೆ.

ಪರಿಮಳ ಏನೂ ಹಾಕಕೂಡದು ಎಂದರು. "ರುಚಿ ಮಾಡಿದ್ರೆ ಬಿಡ್ಲಿಕ್ಕೆ ಮನಸ್ಸು ಬರುದಿಲ್ಲ." ಎರಡು ಷರತ್ತು ಹಾಕಿದರು: ಸಿಗರೇಟು ಮುಟ್ಟಬಾರದು, ಮತ್ತು ಪ್ರತಿ ಹೊಸ ಬಾಟಲಿಯ ಚೀಟಿಯಲ್ಲಿ ನಿಕೋಟಿನ್ ಅಂಕಿ ಹಿಂದಿನದಕ್ಕಿಂತ ಕಮ್ಮಿ ಇರಬೇಕು. ಹನ್ನೆರಡು ಒಂಬತ್ತಾಯಿತು. ವಾರಕ್ಕೊಮ್ಮೆ ನಾನು ಅಂಗಡಿಗೆ ಹೋಗಿ ಹಾಜರಿ ಹಾಕುತ್ತಿದ್ದೆ. ಅವರು ಸಣ್ಣ ಬಟ್ಟಲಿನಲ್ಲಿ ಕಾವಾ, ಅರಬ್ಬರ ಏಲಕ್ಕಿ ಕಾಫಿ, ಬಗ್ಗಿಸಿ, ಖರ್ಜೂರ ಮುಂದಿಟ್ಟು ಕೇಳುತ್ತಿದ್ದರು: "ಮುಟ್ಟಿಲ್ಲ ಅಲ್ವಾ?"

ಅಂಕಿ ಆರಕ್ಕೆ ಇಳಿದ ವಾರ ಸುವೈಕ್ ಊರಿನ ಕಾಮಗಾರಿಯ ಸೈಟಿನಲ್ಲಿ ಗುತ್ತಿಗೆದಾರನೊಡನೆ ಜಗಳವಾಗಿ, ಕಾರಿನಲ್ಲಿ ಕೂತು ಒಂದರ ಹಿಂದೊಂದು ನಾಲ್ಕು ಸಿಗರೇಟು ಸೇದಿದೆ. ಅದೇ ಅಂಗಿಯಲ್ಲಿ ನೇರ ಮತ್ರಾಕ್ಕೆ ಬಂದು ಅವರ ಪಕ್ಕ ಕುಳಿತೆ.

"ಮುಟ್ಟಿಲ್ಲ ಅಲ್ವಾ?"

"ಇಲ್ಲ ಮಾಮ."

"ಒಳ್ಳೇದು" ಎಂದು ಖರ್ಜೂರ ಮುಂದೆ ಸರಿಸಿದರು. ನನ್ನ ಇನ್ನೊಂದು ಬದಿಯಲ್ಲಿ ಕೂತಿದ್ದ ಒಮಾನಿ ಹಿರಿಯರು ಮೂಗು ಸೊಟ್ಟ ಮಾಡಿ ಕುರ್ಚಿಯನ್ನು ಅತ್ತ ಎಳೆದುಕೊಂಡರು. ಅವರಿಗೆ ಬಂದ ವಾಸನೆ ಇವರಿಗೆ ಬರಲಿಲ್ಲವೇ? ಅಷ್ಟರಲ್ಲಿ ಆ ಹಿರಿಯರು ಅಂಗಡಿಯದೇ ಗುಲಾಬಿ ಅತ್ತರಿನ ಎರಡು ಬಾಟಲಿ ಮುಂದಿಟ್ಟು, ಗುಲಾಬಿಗೆ ಹೆಸರಾದ ತಾಯಿಫ್ ಊರಿನದು ಯಾವುದು ಎಂದು ಕೇಳಿದರು. ಮಾಮ ಎರಡನ್ನೂ ಮೂಗಿನ ಬಳಿ ಹಿಡಿದರು, ಕಣ್ಣು ಮುಚ್ಚಿದರು, ತಲೆಯಾಡಿಸಿದರು. ಆಮೇಲೆ ಮುಚ್ಚಳ ಹಾಕುವ ನೆಪದಲ್ಲಿ ಬಾಟಲಿಯ ತಳ ತಿರುಗಿಸಿ ಅಲ್ಲಿದ್ದ ನಂಬರು ಓದಿದರು. ಉತ್ತರ ಬಂದದ್ದು ಅದರ ನಂತರ.

ಗಿರಾಕಿ ಹೋದ ಮೇಲೆ ನಾನು ಅವರ ಕಿವಿಯತ್ತ ಬಾಗಿ ನೋಡಿದೆ. ಹತ್ತಿಯುಂಡೆ ಒಣಗಿ ಬೆಳ್ಳಗಿತ್ತು. ಅದಕ್ಕೆ ಅತ್ತರು ಸೋಕಿ ಎಷ್ಟೋ ಕಾಲವಾಗಿತ್ತು.

"ಮಾಮ, ನಿಮಗೆ ವಾಸನೆ ಬರುತ್ತಾ?"

ಅವರು ಕಾವಾದ ಬಟ್ಟಲನ್ನು ಕೆಳಗಿಟ್ಟರು. "ಕೊರೊನಾದಲ್ಲಿ ಹೋದದ್ದು. ಎಲ್ಲರದ್ದು ವಾಪಸ್ ಬಂತು, ನನ್ನದು ಬರ್ಲಿಲ್ಲ. ಧೂಪ ಗೊತ್ತಾಗುದಿಲ್ಲ, ಮೀನು ಸಾರು ಗೊತ್ತಾಗುದಿಲ್ಲ. ಸೇಠರಿಗೆ ಹೇಳಿಲ್ಲ. ಮೂಗಿಲ್ಲದವನಿಗೆ ಅತ್ತರಿನ ಅಂಗಡಿಯಲ್ಲಿ ಎಂಥ ಕೆಲಸ? ಖಲಾಸ್, ಮರುದಿನವೇ ಟಿಕೇಟು."

"ಮತ್ತೆ ನಾನು ಸಿಗರೇಟು ಬಿಟ್ಟಿದೀನಿ ಅಂತ ನಿಮಗೆ ಹೇಗೆ ಗೊತ್ತಾಗೋದು?"

ಅವರು ಆಶ್ಚರ್ಯದಿಂದ ನನ್ನ ಮುಖ ನೋಡಿದರು. "ನೀನು ಹೇಳ್ತಿ ಅಲ್ವಾ?"

ನನಗೆ ನಾಚಿಕೆಯಾಯಿತು. ಆರು ವರ್ಷದ ಮಗು ಸಹ ನನ್ನನ್ನು ಮೂಸಿ ನೋಡಿ ತೀರ್ಮಾನಿಸುತ್ತಿದ್ದ ಕಾಲದಲ್ಲಿ ಈ ಮನುಷ್ಯ ನನ್ನ ಬಾಯಿಮಾತನ್ನು ನಂಬಿ ಖರ್ಜೂರ ಕೊಡುತ್ತಿದ್ದರು. ಕಾರಿನಲ್ಲಿ ಸೇದಿದ ನಾಲ್ಕನ್ನೂ ಒಪ್ಪಿಕೊಂಡೆ.

"ಆಯ್ತು" ಎಂದರು. "ಈಗ ಹೇಳಿದ್ಯಲ್ಲ. ನನಗೊಂದು ಉಪಕಾರ ಮಾಡು. ಸೇಠರು ಮಲ್ಲಿಗೆಯ ಹೊಸ ಮಾಲು ತರಿಸಿದ್ದಾರೆ. ಸಮ ಉಂಟಾ ನೋಡು."

ಮೂಸಿದೆ. ಹದಿನೆಂಟು ವರ್ಷ ಹೊಗೆ ತಿಂದ ನನ್ನ ಮೂಗಿಗೂ ಏನೂ ಹತ್ತಲಿಲ್ಲ. ಎಲ್ಲ ಬಾಟಲಿಯೂ ಒಂದೇ, ಒಂದು ಮಸುಕು ಸಿಹಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗಲು ಶುರುಮಾಡಿದೆವು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ನನ್ನದು ಹೋಯಿತು" ಎಂದರು ಕಣ್ಣೊರೆಸಿಕೊಳ್ಳುತ್ತಾ. "ನಿನ್ನದು ಬರ್ಬಹುದು. ಬಿಡು ಮಾರಾಯ, ನನಗೊಂದು ಮೂಗು ಬೇಕು."

ಮಗಳಿಗಾಗಿ ಬಿಡಲಾಗದ್ದನ್ನು ಅವರಿಗಾಗಿ ಬಿಟ್ಟೆ ಎಂದರೆ ಹೆಂಡತಿಗೆ ಈಗಲೂ ಕೋಪ. ಆದರೆ ನಡೆದದ್ದು ಹಾಗೆ. ಆರು ಮೂರಾಯಿತು, ಮೂರು ಸೊನ್ನೆಯಾಯಿತು. ಸೊನ್ನೆಯ ಚೀಟಿ ಬರೆದು ಅಂಟಿಸಿದ ಬಾಟಲಿಯಲ್ಲಿ ತುಂಬುವುದಕ್ಕೇನಿದೆ ಎನಿಸಿ ಖಾಲಿಯೇ ಇಟ್ಟೆ. ವೇಪು ಕಸಕ್ಕೆ ಹೋಯಿತು. ಈ ನಡುವೆ ಪ್ರತಿ ವಾರ ಅಂಗಡಿಯಲ್ಲಿ ನನ್ನ ಮೂಗಿನ ಪರೀಕ್ಷೆ. ಮೊದಲು ಲುಬಾನಿನ ಧೂಪ ಹತ್ತಿತು, ಆಮೇಲೆ ಗುಲಾಬಿ. ಒಂದು ಮಧ್ಯಾಹ್ನ ಆ ಮಲ್ಲಿಗೆಯ ಮಾಲನ್ನು ಮತ್ತೆ ಮೂಸಿದಾಗ ಮಲ್ಲಿಗೆಯ ಅಡಿಯಲ್ಲಿ ಇನ್ನೇನೋ ಇತ್ತು, ಹಳೆಯ ಕೊಬ್ಬರಿ ಎಣ್ಣೆಯಂಥದ್ದು.

"ಮಾಮ, ಇದು ಕನರಿದೆ."

"ಸಮ ನೋಡು. ಎಷ್ಟೋ ಜನರಿಗೆ ಕೊಟ್ಟಾಗಿದೆ."

"ಸಮ ನೋಡಿದೆ. ಕನರಿದೆ."

ನಾನು ಆ ಮಾತು ನುಂಗಿದ್ದರೆ ಅವರ ಕೆಲಸ ಉಳಿಯುತ್ತಿತ್ತೋ ಏನೋ. ಅವರು ಎದ್ದು ಒಳಕೋಣೆಗೆ ಹೋಗಿ, ಸೇಠರಿಗೆ ಮಾಲು ಕೆಟ್ಟದ್ದನ್ನೂ ತನ್ನ ಮೂಗು ಹೋದದ್ದನ್ನೂ ಒಟ್ಟಿಗೆ ಹೇಳಿಬಿಟ್ಟರು. ಹೊರಗೆ ಬಂದಾಗ ಮುಖ ಹಗುರಾಗಿತ್ತು. ಸೇಠರು ಒಳ್ಳೆಯವರು, ಕೂಡಲೇ ಕಳಿಸಲಿಲ್ಲ. ವೀಸಾ ಮುಗಿಯುವ ತನಕ ಗಲ್ಲಾಪೆಟ್ಟಿಗೆಯ ಪಕ್ಕ ಕೂರಿಸಿಕೊಂಡರು. ಆಮೇಲೆ ಅವರು ಊರಿಗೆ ಹೋದರು. ಹೋಗುವಾಗ ತಕ್ಕಡಿಯನ್ನು ನನಗೆ ಕೊಟ್ಟರು.

ಊರಿನಿಂದಲೂ ಪ್ರತಿ ಶುಕ್ರವಾರ ಅವರ ಫೋನು ತಪ್ಪಲಿಲ್ಲ. ಕೊನೆಯ ಸಲ ಮಾತಾಡಿದಾಗ ಸ್ವರ ಸಣ್ಣಗಾಗಿತ್ತು. ಆಸ್ಪತ್ರೆಯಿಂದ ಮಾತಾಡುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಮಗಳ ಶಾಲೆ, ಇಲ್ಲಿನ ಸೆಕೆ, ಸೇಠರ ಮಂಡಿನೋವು ಎಲ್ಲ ಆದ ಮೇಲೆ ಕೇಳಿದರು: "ಮುಟ್ಟಿಲ್ಲ ಅಲ್ವಾ?"

"ಇಲ್ಲ ಮಾಮ."

"ಒಳ್ಳೇದು."

ಆರು ದಿನದ ಮೇಲೆ ಅವರ ಮಗ ಫೋನು ಮಾಡಿ ತಂದೆ ಹೋದರೆಂದು ಹೇಳಿದ. ಅವತ್ತು ಆಫೀಸಿನ ಕೆಳಗೆ ಸಹೋದ್ಯೋಗಿ ನನ್ನ ಭುಜ ಹಿಡಿದು ಸಿಗರೇಟಿನ ಪ್ಯಾಕೆಟ್ಟು ಮುಂದೆ ಚಾಚಿದ. ನನ್ನ ಕೈ ಮೇಲೆದ್ದದ್ದು ನಿಜ. ಆ ಕೈಯಿಂದ ನನ್ನ ಎಡಗಿವಿಯನ್ನು ಮುಟ್ಟಿಕೊಂಡೆ, ಕೆಳಗಿಳಿಸಿದೆ. ಮರುದಿನ ಶುಕ್ರವಾರ, ಕೇಳುವವರು ಯಾರೂ ಇರಲಿಲ್ಲ. ಆದರೆ ಅವರಿಗೆ ಕೊನೆಯದಾಗಿ ಹೇಳಿದ ಮಾತು ಸುಳ್ಳಾಗಬಾರದಿತ್ತು.