ಸ್ಪಂಜು ಬರುವವರೆಗೆ ಕಾಯುವಾಕೆ

ಶೆಫೀಲ್ಡಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡಾನ್ ನದಿಯ ದಂಡೆಯ ಚಿಕ್ಕ ಮಿಶ್ರಲೋಹದ ಕಾರ್ಖಾನೆಯಲ್ಲಿ ಗ್ಲೆನಿಸ್ ಸ್ಟಾನಿಫೋರ್ತ್ ಬಿಳಿ ದೀಪದ ಕೆಳಗೆ ಕುಳಿತು ಅಕ್ಕಿ ಆರಿಸುವವರ ಹಾಗೆ ಬೂದು ಹೆಂಟೆಗಳನ್ನು ಹೊರಳಿಸಿ ನೋಡುತ್ತಿದ್ದಾರೆ. ಮೈತುಂಬ ತೂತಿರುವ ಈ ಹೆಂಟೆಗಳೇ ಟೈಟಾನಿಯಂ ಸ್ಪಂಜು. ಹಳದಿಗೋ ನೀಲಿಗೋ ತಿರುಗಿದ ತುಂಡು ಸಿಕ್ಕರೆ ಎತ್ತಿ ಪಕ್ಕದ ತಗಡಿನ ಲೋಟಕ್ಕೆ ಹಾಕುತ್ತಾರೆ. ಗಾಳಿ ತಗುಲಿ ಕೆಟ್ಟ ಅಂಥದೊಂದು ಕುಲುಮೆಗೆ ಹೋದರೆ ಲೋಹದೊಳಗೆ ಗಟ್ಟಿ ಕಾಳಾಗಿ ಉಳಿದು, ಎಂದೋ ಒಂದು ದಿನ ಯಾವುದೋ ವಿಮಾನದ ಎಂಜಿನ್ ಬಿರುಕು ಬಿಟ್ಟೀತು.

ದಿನಕ್ಕೆ ನಾನೂರು ಕಿಲೋ ಆರಿಸಿದರೆ ಕೆಟ್ಟದ್ದು ಹತ್ತು ಹದಿನೈದು ತುಂಡು. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ನಿಶ್ಚಿಂತೆಯಿಂದ ವಿಮಾನ ಹತ್ತಿ ನಿದ್ದೆ ಹೋಗುವ ನಮಗೆ ಈ ಹೆಂಗಸಿನ ಹೆಸರೂ ಗೊತ್ತಿಲ್ಲ.

ಇವತ್ತು ಮೇಜಿನ ಮೇಲಿರುವುದು ನಿನ್ನೆಯ ಉಳಿಕೆ. ಬಂದರಿನಿಂದ ಹೊಸ ಸ್ಪಂಜು ತರಬೇಕಾದ ಲಾರಿಯ ಸುಳಿವಿಲ್ಲ. ಪಾಳಿಯ ಮೇಲ್ವಿಚಾರಕ ನೈಜೆಲ್ ಆಕ್ಸ್‌ಲಿ ಮೂರನೆಯ ಸಲ ಬಂದು ನಿಲ್ಲುತ್ತಾನೆ.

“ಗ್ಲೆನ್, ಕುಲುಮೆ ಖಾಲಿ ಬಿದ್ದಿದೆ ಕಣಮ್ಮಾ. ಗೋದಾಮಲ್ಲಿ ಎರಡು ಡ್ರಮ್ ಪುಡಿ ಇದೆಯಲ್ಲ, ಹಾಕಿಬಿಡೋಣ. ಅದೂ ಇದೇ ಲೋಹ ತಾನೇ?”

“ಕೈ ಸುಮ್ನಿರಲ್ಲ ಅಂದ್ರೆ ಹೋಗಿ ಟೀ ಮಾಡ್ಕೊಂಡು ಬಾ, ಮಾರಾಯ. ಸಕ್ಕರೆ ಮರೀಬೇಡ.”

ನೈಜೆಲ್ ನಗುತ್ತಾನೆ. ಗ್ಲೆನಿಸ್ ನಗುವುದಿಲ್ಲ. ಅವನು ಈ ಕಾರ್ಖಾನೆಗೆ ಬಂದು ಎರಡೇ ವರ್ಷ. ಪುಡಿ ಹಾಕಿಬಿಡೋಣ ಎಂಬ ಮಾತನ್ನು ಇಲ್ಲಿ ಮೊದಲು ಆಡಿದವರು ಯಾರೆಂದು ಅವನಿಗೆ ತಿಳಿಯದು.

ಆಡಿದವರು ಗ್ಲೆನಿಸ್. ಹತ್ತೊಂಬತ್ತು ವರ್ಷದ ಹಿಂದೆ, ಹೀಗೇ ಲಾರಿ ತಡವಾಗಿದ್ದ ಒಂದು ಒಣಚಳಿಯ ಬೆಳಿಗ್ಗೆ. ಪುಡಿಯ ಡ್ರಮ್ ತೆರೆದವರು ಅವರ ಗಂಡ ಹೊವಾರ್ಡ್. ಹಿಟ್ಟಿನಷ್ಟು ನುಣ್ಣಗಿನ ಲೋಹ ಗಾಳಿಗೆದ್ದಿತು, ಎಲ್ಲಿಂದಲೋ ಒಂದು ಕಿಡಿ ಸಾಕಾಯಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಬದುಕಿದ್ದರು, ಅಷ್ಟೇ.

“ಪುಡಿದೇನೂ ತಪ್ಪಿಲ್ಲ,” ಎನ್ನುತ್ತಾರೆ ಗ್ಲೆನಿಸ್ ನನ್ನೊಡನೆ, ನೈಜೆಲ್ ಅತ್ತ ಹೋದ ಮೇಲೆ, ಕಣ್ಣು ಮೇಜಿನಿಂದ ಎತ್ತದೆ. “ಅಚ್ಚಲ್ಲಿ ಒತ್ತಿ ಸಣ್ಣ ಸಣ್ಣ ಭಾಗ ಮಾಡೋರಿಗೆ ಅದೇ ಬೇಕು. ಆದ್ರೆ ಅವರು ಅದನ್ನ ಗಾಳಿ ಹೋಗದ ಪೆಟ್ಟಿಗೆಯೊಳಗೆ ತೆಗೀತಾರೆ. ನಮ್ಮಲ್ಲಿ ಆ ಪೆಟ್ಟಿಗೆ ಇರ್ಲಿಲ್ಲ. ಈಗ್ಲೂ ಇಲ್ಲ. ಗೊತ್ತಿದ್ದೂ ಹಾಕಿ ಅಂದೆ. ತಪ್ಪು ನಂದು.”

ಯಾರೂ ಅವರನ್ನು ದೂರಲಿಲ್ಲ. ದೂರಿದ್ದರೆ ಹಗುರವಾಗುತ್ತಿತ್ತೇನೋ ಎಂದು ಅವರಿಗೆ ಇಂದಿಗೂ ಅನ್ನಿಸುತ್ತದೆ. ಕೆಟ್ಟ ತುಂಡು ಹಾಕುವ ತಗಡಿನ ಲೋಟ ಹೊವಾರ್ಡ್ ಟೀ ಕುಡಿಯುತ್ತಿದ್ದದ್ದು.

ಮಾರ್ಚಿಗೆ ಅವರ ನಿವೃತ್ತಿ. ಆಸೆ ಏನಾದರೂ ಇದೆಯೇ ಎಂದು ಕೇಳುತ್ತೇನೆ. “ನನ್ನ ಕುರ್ಚಿಗೆ ಯಾರಾದ್ರೂ ಬರ್ಲಿ, ಕಾಯೋಕೆ ಗೊತ್ತಿರೋರು ಬರ್ಲಿ.”

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಲಾರಿ ಬರುತ್ತದೆ. ಅರ್ಧ ದಿನ ಹಾಳಾಯಿತಲ್ಲ ಎಂದು ನೈಜೆಲ್ ಗೊಣಗುತ್ತಾನೆ. ಗ್ಲೆನಿಸ್ ಲೋಟವನ್ನು ಸರಿಯಾಗಿಟ್ಟು, ಹೊಸ ಹೆಂಟೆಗಳನ್ನು ಮೇಜಿನ ಮೇಲೆ ಹರಡುತ್ತಾರೆ.

“ಹಾಳಾಗ್ಲಿ ಬಿಡು. ಅವತ್ತು ಲಾರಿ ಬಂದಿದ್ದು ಬರೀ ನಲವತ್ತು ನಿಮಿಷ ತಡವಾಗಿ.”